ಎಕಂಬಾದ ಅಚಂಬಾ

ಬೆರಗಿಗೆ ನಮ್ಮ ಕಡೆ ಇನ್ನೊಂದು ಮಾತಿದೆ: ಅಚಂಬಾ. ಔರಾದ ತಾಲ್ಲೂಕಿನ ಎಕಂಬಾದಂಥ ಗಡಿ ಸೀಮೆಯ ಊರಲ್ಲಿ ಒಂದು ಶಬ್ದ ಮರಾಠಿಯದೋ ದಖನಿಯದೋ ಎಂದು ಯಾರೂ ಕೇಳುವುದಿಲ್ಲ. ಬಾಯಿಗೆ ಬಂದರೆ ನಮ್ಮದೇ. ಊರ ಹೆಸರಿಗೆ ಇಷ್ಟು ಸಲೀಸಾಗಿ ಪ್ರಾಸ ಕೂಡುವ ಈ ಮಾತು ನನ್ನ ಕಿವಿಗೆ ಹೊಸದಾಗಿ ಬಿದ್ದದ್ದು ಅಕ್ಕನ ಅಡುಗೆಮನೆಯಲ್ಲಿ, ಚಾಕೊಲೇಟ್ ಕೇಕ್ ಮಿಕ್ಸಿನ ಒಂದು ಡಬ್ಬಿಯ ಎದುರಿಗೆ.

ತೊಗರಿ ರಾಶಿ ಮುಗಿದ ದಿನಗಳು. ಅಕ್ಕನ ಮಗಳು ಬೀದರಿನಿಂದ ಬರುವಾಗ ಆ ಡಬ್ಬಿ ತಂದಿದ್ದಳು. ಆಯಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಮೇಲಿನ ಚಿತ್ರ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದಳು: "ತತ್ತಿ ಅದ ಏನ ಇದರಾಗ?"

"ಇಲ್ಲ ಆಯಿ, ಹಸರ ಚುಕ್ಕಿ ಅದ ನೋಡು."

ಹಸಿರು ಚುಕ್ಕಿಗೆ ಅಡುಗೆಮನೆಯೊಳಗೆ ಪ್ರವೇಶ ಸಿಕ್ಕಿತು. ಓವನ್ ಇಲ್ಲ, ಅದರ ಅಗತ್ಯವೂ ಇಲ್ಲ. ಕುಕ್ಕರಿನ ತಳಕ್ಕೆ ಬೆರಳು ದಪ್ಪ ಉಪ್ಪು ಹರಡಿ, ಮೇಲೊಂದು ತಟ್ಟೆ ಬೋರಲು ಇಟ್ಟು, ಮುಚ್ಚಳದ ರಬ್ಬರು, ಸೀಟಿ ಎರಡನ್ನೂ ತೆಗೆದು ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್ನು. ಡಬ್ಬಿಯ ಪುಡಿಗೆ ಎಣ್ಣೆ, ನೀರು ಕಲಸಿದರೆ ಕೇಕಿನ ಹಿಟ್ಟು ತಯಾರು. ಅಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಕೇಕ್ ಆಗುತ್ತಿತ್ತು, ನಾನೂ ಇದನ್ನು ಬರೆಯುತ್ತಿರಲಿಲ್ಲ. ಆದರೆ ಹುಡುಗಿ ಹಿಟ್ಟನ್ನು ಎತ್ತರದ ಪಾತ್ರೆಗೆ ಅರ್ಧದಷ್ಟು ಸುರಿದು, ಅದರ ಮೇಲೆ ಅರ್ಧ ಬಟ್ಟಲು ಸಕ್ಕರೆಗೆ ಎರಡು ಚಮಚ ಕೋಕೋ ಪುಡಿ ಬೆರೆಸಿ ಉದುರಿಸಿದಳು. ಆಮೇಲೆ ಒಂದು ಬಟ್ಟಲು ಕುದಿಯುವ ನೀರನ್ನು ಚಮಚದ ಬೆನ್ನ ಮೇಲಿಂದ ಮೆಲ್ಲಗೆ ಆ ಹಿಟ್ಟಿನ ಮೇಲೇ ಹಾಯಿಸಿಬಿಟ್ಟಳು. ಕಲಸಲಿಲ್ಲ.

ಕಪ್ಪು ರಾಡಿಯಾಯಿತು. ಮಳೆಗಾಲದಲ್ಲಿ ನಮ್ಮ ಎರೆಹೊಲದ ಬದುವಿನಲ್ಲಿ ನೀರು ನಿಂತ ಹಾಗೆ.

"ಯವ್ವಾ, ಕೆಡಿಸಿದಿ ನೋಡು," ಎಂದಳು ಆಯಿ. ಜೀವಮಾನವಿಡೀ ಹಿಟ್ಟು ನಾದಿದ ಕೈ ಅವಳದು. ಕಲಸಿ ಮುಗಿದ ಹಿಟ್ಟಿನ ಮೇಲೆ ನೀರು ಸುರಿಯುವುದೆಂದರೆ ಅವಳ ಶಾಸ್ತ್ರದಲ್ಲಿ ಪಾಪಕ್ಕೆ ಸಮ. ಆದರೂ ಎದ್ದು ಹೋಗಲಿಲ್ಲ. ಹೋಳಿಗೆಗೆಂದು ಇಟ್ಟಿದ್ದ ಜಾಜಿಕಾಯಿಯನ್ನು ಡಬ್ಬದಿಂದ ತೆಗೆದು, ಯಾರನ್ನೂ ಕೇಳದೆ, ಆ ರಾಡಿಯ ಮೇಲೆ ನಾಲ್ಕು ಸಲ ತೇಯ್ದಳು. ಹಾಳಾಗುವುದು ಹೇಗೂ ಹಾಳಾಗುತ್ತದೆ, ವಾಸನೆಯಾದರೂ ಇರಲಿ ಎಂಬ ಭಾವ.

ಈ ಜಾಜಿಕಾಯಿಯ ಬಗ್ಗೆ ನಾನು ಆಮೇಲೆ ಬಹಳ ಯೋಚಿಸಿದೆ. ಡಬ್ಬಿಯ ಕೇಕ್ ಎಂದರೆ ಮೂಗು ಮುರಿಯುವವರು ಹೇಳುವುದು ಒಂದೇ ಮಾತು: ಅದರಲ್ಲಿ ಮಾಡುವವರ ಕೈ ಎಲ್ಲಿದೆ? ಎಲ್ಲವನ್ನೂ ಯಾರೋ ಅಳೆದು ಕಳಿಸಿದ್ದಾರೆ. ಈ ತಕರಾರು ಡಬ್ಬಿಯಷ್ಟೇ ಹಳೆಯದು. ಅಮೆರಿಕದ ಪಿಟ್ಸ್‌ಬರ್ಗಿನ ಡಫ್ ಎಂಬ ಕಾಕಂಬಿ ವ್ಯಾಪಾರದ ಮನೆತನ 1930ರ ದಶಕದ ಮೊದಲಲ್ಲೇ, ಮಿಕ್ಕಿದ ಕಾಕಂಬಿಯನ್ನು ಒಣಗಿಸಿ ಹಿಟ್ಟಿಗೆ ಸೇರಿಸಿ, ನೀರು ಹಾಕಿದರೆ ಸಾಕು ಎನ್ನುವಂಥ ಪುಡಿ ಮಾಡಿ ಪೇಟೆಂಟ್ ಪಡೆಯಿತು. ಎರಡೇ ವರ್ಷದಲ್ಲಿ ಅವರೇ ಒಣ ತತ್ತಿಯ ಪುಡಿ ಬಿಟ್ಟು, ಮನೆಯಾಕೆ ತಾನೇ ತಾಜಾ ತತ್ತಿ ಒಡೆದು ಹಾಕುವ ದಾರಿ ಹಿಡಿದರು. ಮುಂದೆ 1950ರ ದಶಕದಲ್ಲಿ ಅರ್ನೆಸ್ಟ್ ಡಿಕ್ಟರ್ ಎಂಬ ಮನಶ್ಶಾಸ್ತ್ರಜ್ಞ, ಬರೀ ನೀರು ಹಾಕಿದರೆ ಹೆಂಗಸರಿಗೆ ತಪ್ಪು ಮಾಡಿದ ಹಾಗನಿಸುತ್ತದೆ, ಒಂದು ತತ್ತಿ ಅವರ ಕೈಯಿಂದ ಬೀಳಲಿ ಎಂದು ಕಂಪನಿಗಳಿಗೆ ಬುದ್ಧಿ ಹೇಳಿದನಂತೆ. ಕಥೆ ಜಾಹೀರಾತಿನವರ ಬಾಯಲ್ಲಿ ಚೆನ್ನಾಗಿ ಉಬ್ಬಿದೆ, ಸೋಡಾ ಜಾಸ್ತಿ ಬಿದ್ದ ಭಜಿಯಂತೆ. ನಮ್ಮ ಆಯಿಗೆ ಯಾವ ಮನಶ್ಶಾಸ್ತ್ರಜ್ಞನೂ ಹೇಳಿಕೊಡಲಿಲ್ಲ. ತತ್ತಿಯ ಜಾಗದಲ್ಲಿ ಜಾಜಿಕಾಯಿ ಬಿತ್ತು, ಕೈ ಸೇರಿತು.

ಪಿಲ್ಸ್‌ಬರಿ ಕಂಪನಿಯ ಮೊದಲ ಚಾಕೊಲೇಟ್ ಕೇಕ್ ಮಿಕ್ಸ್ ಅಮೆರಿಕದ ಅಂಗಡಿಗೆ ಬಂದದ್ದು 1948ರಲ್ಲಿ. ಆ ವರ್ಷ ಸೆಪ್ಟೆಂಬರಿನವರೆಗೂ ಬೀದರ ಸೀಮೆ ನಿಜಾಮನ ಕೈಯಲ್ಲಿತ್ತು. ಆಯಿ ಆಗ ಇನ್ನೂ ತೊಟ್ಟಿಲ ಕೂಸು.

ಕುಕ್ಕರಿನ ಮುಚ್ಚಳ ಹಾಕಿದ್ದಾಯಿತು. ನಲವತ್ತು ನಿಮಿಷ, ಸಣ್ಣ ಉರಿ. ತೆಗೆದು ನೋಡುವ ಹಾಗಿಲ್ಲ. ರೊಟ್ಟಿ ಕಣ್ಣೆದುರಿಗೇ ಉಬ್ಬುತ್ತದೆ, ಭಜಿ ಎಣ್ಣೆಯಲ್ಲಿ ತೇಲಿ ಬರುವುದು ಕಾಣುತ್ತದೆ. ಕೇಕ್ ಮಾತ್ರ ಮುಚ್ಚಿದ ಬಾಗಿಲ ಹಿಂದೆ ಹುಟ್ಟುತ್ತದೆ. ಹೊರಗೆ ನಿಂತವರಿಗೆ ಸಿಗುವುದು ವಾಸನೆಯೊಂದೇ. ಸೀಟಿಯಿಲ್ಲದ ಆ ಕಿಂಡಿಯಿಂದ ಅದು ಮೊದಲು ಅಡುಗೆಮನೆಗೆ, ಆಮೇಲೆ ಪಡಸಾಲೆಗೆ, ಆಮೇಲೆ ಓಣಿಗೆ ಹೋಯಿತು. ಪಕ್ಕದ ಮನೆಯ ಇಬ್ಬರು ಹುಡುಗರು ಏನೂ ಕೆಲಸವಿಲ್ಲದೆ ಬಂದು ಬಾಗಿಲಲ್ಲಿ ನಿಂತರು.

ಆ ವಾಸನೆಯ ಊರು ನಮ್ಮದೇ ರಾಜ್ಯದ ಇನ್ನೊಂದು ತುದಿಯಲ್ಲೂ ಇದೆ. ಪುತ್ತೂರಿನ ಕಡೆ ಅಡಿಕೆ ತೋಟದ ನೆರಳಲ್ಲಿ ಕೋಕೋ ಗಿಡ ಬೆಳೆಯುತ್ತದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ 1986ರಲ್ಲಿ ಅಲ್ಲಿಯೇ ಚಾಕೊಲೇಟ್ ಕಾರ್ಖಾನೆ ಶುರು ಮಾಡಿತು. ಕೋಕೋ ಹೂವು ರೆಂಬೆಯ ತುದಿಗೆ ಬಿಡುವುದಿಲ್ಲ, ಬೊಡ್ಡೆಯ ತೊಗಟೆಯಿಂದಲೇ ನೇರ ಒಡೆಯುತ್ತದೆ. ಕಾಯಿ ಕಟ್ಟಬೇಕಾದರೆ ಗುಂಗಾಡಿನಷ್ಟೂ ಇಲ್ಲದ ಒಂದು ಸಣ್ಣ ನೊಣ ಆ ಹೂವಿಗೆ ಬರಬೇಕು. ಹಸಿ ಬೀಜಕ್ಕೆ ಚಾಕೊಲೇಟಿನ ಸುಳಿವೇ ಇಲ್ಲ, ಬರೀ ಒಗರು. ಲೋಳೆಯ ಸಮೇತ ರಾಶಿ ಹಾಕಿ ಮುಚ್ಚಿ ಐದಾರು ದಿನ ಹುಳಿಯಲು ಬಿಟ್ಟು, ಒಣಗಿಸಿ, ಹುರಿದ ಮೇಲೆ ಆ ಪರಿಮಳ ಏಳುತ್ತದೆ. ಇದನ್ನು ಹೇಳಿದಾಗ ಆಯಿಗೆ ಏನೂ ಅನಿಸಲಿಲ್ಲ. "ಅಂಬಲಿ ಹುಳಿ ಹಿಡಿದಂಗ," ಎಂದಳು. ಎಳ್ಳ ಅಮಾವಾಸ್ಯೆಗೆ ಗಡಿಗೆಯಲ್ಲಿ ಜೋಳದ ಅಂಬಲಿ ಹುಳಿಸಿ ಭಜ್ಜಿಯ ಜೊತೆ ಹೊಲಕ್ಕೆ ಹೊತ್ತವಳಿಗೆ ಹುಳಿಯುವುದರಲ್ಲಿ ಅಚಂಬಾ ಏನಿದೆ? ಒಬ್ಬರ ಬೆರಗು ಇನ್ನೊಬ್ಬರ ದಿನದ ಕೆಲಸ.

ತತ್ತಿಯಿಲ್ಲದೆ ಕೇಕ್ ಏಳುವುದರ ಹಿಂದೆಯೂ ಒಂದು ಮನೆಯ ಕಥೆಯಿದೆ, ಅದು ನನಗೆ ಡಿಕ್ಟರನ ಕಥೆಗಿಂತ ಪ್ರಿಯ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನ ಹೆಂಡತಿಗೆ ತತ್ತಿಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಆಕೆಗಾಗಿ ಅವನು 1837ರಲ್ಲಿ ತತ್ತಿಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ನಾವು ಭಜಿಗೆ ಹಾಕುವ ತಿನ್ನುವ ಸೋಡಾಕ್ಕೆ ಒಣ ಹುಳಿಯನ್ನು ಜೊತೆ ಮಾಡಿಟ್ಟರೆ ಅದೇ ಆ ಪುಡಿ. ನೀರು ತಾಗುವವರೆಗೆ ಎರಡೂ ಸುಮ್ಮನಿರುತ್ತವೆ. ತಾಗಿದೊಡನೆ ಗಾಳಿಗುಳ್ಳೆ ಏಳುತ್ತದೆ. ಈಗಿನ ಪುಡಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಹುಳಿ ಇರುತ್ತವೆ, ಒಂದು ನೀರಿಗೆ ಎಚ್ಚರಾಗುವಂಥದ್ದು, ಇನ್ನೊಂದು ಕಾವಿಗೆ. ಹೆಂಡತಿಗೆ ಆಗದ ಪದಾರ್ಥಕ್ಕೆ ಗಂಡ ಹುಡುಕಿದ ಉಪಾಯ ನೂರಾ ಎಂಬತ್ತು ವರ್ಷ ದಾಟಿ, ತತ್ತಿ ಮುಟ್ಟದ ಎಕಂಬಾದ ಒಲೆಯ ಮೇಲೆ ಕೆಲಸ ಮಾಡುತ್ತಿತ್ತು.

ಮುಚ್ಚಳ ತೆಗೆದಾಗ ರಾಡಿ ಇರಲಿಲ್ಲ.

ಮೇಲೆ ಒಣಗಿದ, ಅಲ್ಲಲ್ಲಿ ಬಿರಿದ, ಕಡುಕಂದು ಕೇಕ್. ಸುರಿದ ಒಂದು ಬಟ್ಟಲು ನೀರು ಎಲ್ಲಿಯೂ ಕಾಣಲಿಲ್ಲ. ಹುಡುಗಿ ಸಕ್ಕರೆ ಪುಡಿಯನ್ನು ಜರಡಿ ಹಿಡಿದು ಉದುರಿಸಿದಾಗ ಬಿರುಕುಗಳ ಪಕ್ಕ ಬಿಳಿ ಗೆರೆಗಳು ನಿಂತವು. ನನಗೆ ನೆನಪಾದದ್ದು ಬಿದರಿ ಹೂಜಿ. ಬೂದು ಸತುವಿನ ಪಾತ್ರೆಗೆ ಬೆಳ್ಳಿ ಎಳೆ ಕೂರಿಸಿ, ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಪಾತ್ರೆಗೆ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅದನ್ನು ಕಣ್ಣಾರೆ ನೋಡಿದ್ದೇನೆ, ಕಾರಣವನ್ನೂ ಕೇಳಿ ತಿಳಿದಿದ್ದೇನೆ. ಮುಂದಿನ ಸಲ ನೋಡಿದಾಗಲೂ ಬಾಯಿ ತೆರೆದೇ ನಿಂತಿದ್ದೆ.

ಹುಡುಗಿ ಚಮಚ ಇಳಿಸಿದಳು. ಕೇಕಿನ ಪದರ ಸೀಳಿ ಚಮಚ ತಳ ಮುಟ್ಟಿದಾಗ ಅಲ್ಲಿಂದ ಹೊಳೆಯುವ, ದಪ್ಪನೆಯ, ಕಪ್ಪು ಚಾಕೊಲೇಟ್ ಸಾರು ಉಕ್ಕಿ ಬಂತು. ಮೇಲೆ ಸುರಿದದ್ದು ಪೂರಾ ತಳದಲ್ಲಿತ್ತು.

"ಅಚಂಬಾ!" ಎಂದಳು ಆಯಿ. ಆಮೇಲೆ ತಡೆದು, "ಹೋಳಗಿ ಒಳಗ ಹೂರಣ ನಾವು ಕೈಯಾರ ತುಂಬ್ತೀವಿ. ಇದರಾಗ ಯಾರು ತುಂಬಿದ್ರು?"

ನಾನು ವಿವರಿಸಲು ಹೋದೆ. ಕಾವು ಏರಿದ ಹಾಗೆ ಹಿಟ್ಟಿನಲ್ಲಿ ಗುಳ್ಳೆ ತುಂಬಿ ಅದು ಹಗುರಾಗುತ್ತದೆ, ಹಗುರಾದದ್ದು ಮೇಲೇಳುತ್ತದೆ, ಭಾರವಾದ ಸಕ್ಕರೆ ನೀರು ಕೆಳಗಿಳಿಯುತ್ತದೆ, ಕೋಕೋದಲ್ಲಿರುವ ಪಿಷ್ಟ ಅದನ್ನು ಗಟ್ಟಿ ಮಾಡುತ್ತದೆ. ಆಯಿ ತಲೆಯಾಡಿಸುತ್ತಾ ಕೇಳಿದಳು, ಬಟ್ಟಲು ಮುಂದೆ ಹಿಡಿದಳು, ಎರಡನೇ ಸಲವೂ ಹಾಕಿಸಿಕೊಂಡಳು. ಜಾಜಿಕಾಯಿ ಇನ್ನೊಂದೆರಡು ಎಳೆ ಬೀಳಬಹುದಿತ್ತು ಎಂದಳು. ಬಾಗಿಲಲ್ಲಿದ್ದ ಹುಡುಗರಿಗೂ ಪಾಲು ಹೋಯಿತು.

ಸಂಜೆ ಅಕ್ಕ ಪಾತ್ರೆ ಬೆಳಗಿ ಕಟ್ಟೆಯ ಮೇಲೆ ಬೋರಲು ಹಾಕಿದ್ದಳು. ಯಾರೂ ಇಲ್ಲವೆಂದುಕೊಂಡು ಆಯಿ ಅದನ್ನೆತ್ತಿ, ಬೆಳಕಿನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ ತಳದಲ್ಲೆಲ್ಲಾದರೂ ತೂತಿದೆಯೋ ಎಂದು ನೋಡುತ್ತಿದ್ದಳು.