ಮೈಕಲ್ ಚಾಂಗ್ ಗೆಲುವಿನಲ್ಲಿ ದೇವರ ಪಾಲು

ಗೆದ್ದ ಆಟಗಾರ ದೇವರಿಗೆ ಕೃತಜ್ಞತೆ ಹೇಳಿದರೆ, ಸೋತವನ ಪಾಲಿಗೆ ಆ ದೇವರು ಏನು ಮಾಡುತ್ತಿದ್ದ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಅಮೆರಿಕದ ಟೆನಿಸ್ ಆಟಗಾರ ಮೈಕಲ್ ಚಾಂಗ್ ಅವರ ಆರಂಭದ ವರ್ಷಗಳಲ್ಲಿ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದಷ್ಟು ನೇರವಾಗಿ ಎದುರಾಗುತ್ತದೆ. ತೈವಾನ್‌ನೊಂದಿಗೆ ನಂಟಿದ್ದ ಕುಟುಂಬದಲ್ಲಿ 1972ರಲ್ಲಿ ಹುಟ್ಟಿದ ಅವರು 15ನೇ ವಯಸ್ಸಿಗೇ ಯುಎಸ್ ಓಪನ್‌ನ ಪ್ರಧಾನ ಸುತ್ತಿನಲ್ಲಿ ಪಂದ್ಯ ಗೆದ್ದರು, ಮರುವರ್ಷ ವೃತ್ತಿಪರರಾದರು. ಬೈಬಲ್ ಓದಿ ಕ್ರೈಸ್ತ ನಂಬಿಕೆಯನ್ನು ತಮ್ಮದಾಗಿಸಿಕೊಂಡದ್ದೂ ಹದಿಹರೆಯದಲ್ಲೇ.

1989ರ ಜೂನ್ 5ರಂದು ಫ್ರೆಂಚ್ ಓಪನ್‌ನ ನಾಲ್ಕನೇ ಸುತ್ತಿನಲ್ಲಿ 17ರ ಚಾಂಗ್ ಎದುರಿಸಿದ್ದು ಅಗ್ರ ಶ್ರೇಯಾಂಕದ ಇವಾನ್ ಲೆಂಡ್ಲ್ ಅವರನ್ನು. ಮೊದಲ ಎರಡು ಸೆಟ್ ಸೋತು, ಮುಂದಿನ ಎರಡನ್ನು ಗೆದ್ದು, ಐದನೆಯದಕ್ಕೆ ಬರುವಷ್ಟರಲ್ಲಿ ಸ್ನಾಯುಸೆಳೆತದಿಂದ ನಿಲ್ಲುವುದೂ ಕಷ್ಟವಾಗಿತ್ತು. ಬಿಡುವಿನಲ್ಲಿ ಬಾಳೆಹಣ್ಣು ತಿನ್ನುತ್ತ, ನೀರು ಕುಡಿಯುತ್ತ, ಚೆಂಡನ್ನು ಎತ್ತರಕ್ಕೆ ತೇಲಿಸಿ ಕಾಲಹರಣ ಮಾಡುತ್ತ ಹೋರಾಡಿದರು. ಒಂದು ಹಂತದಲ್ಲಿ ಪಂದ್ಯ ಬಿಟ್ಟುಕೊಡಲು ಅಂಪೈರ್ ಕಡೆ ಹೆಜ್ಜೆ ಹಾಕಿದವರು, ಒಳಗಿನ ಪ್ರೇರಣೆಯೊಂದು ತಡೆದದ್ದರಿಂದ ಹಿಂದಿರುಗಿದ್ದಾಗಿ ಮುಂದೆ ಹೇಳಿಕೊಂಡರು. ಆಮೇಲೆ ಕೈಯನ್ನು ಭುಜದ ಕೆಳಗಿನಿಂದ ಬೀಸಿ ಮಾಡಿದ ಸರ್ವ್‌ಗೆ ಲೆಂಡ್ಲ್ ತಬ್ಬಿಬ್ಬಾದರು. ಕೊನೆಯ ಅಂಕದಲ್ಲಿ ಚಾಂಗ್ ಸರ್ವಿಸ್ ಗೆರೆಯ ಹತ್ತಿರಕ್ಕೇ ಬಂದು ನಿಂತರು. ಲೆಂಡ್ಲ್ ಡಬಲ್ ಫಾಲ್ಟ್ ಮಾಡಿದರು. ಆರು ದಿನಗಳ ನಂತರ ಸ್ಟೆಫಾನ್ ಎಡ್ಬರ್ಗ್ ಅವರನ್ನೂ ಐದು ಸೆಟ್‌ಗಳಲ್ಲಿ ಮಣಿಸಿ ಪ್ರಶಸ್ತಿ ಗೆದ್ದ ಚಾಂಗ್, ಅದರ ಶ್ರೇಯವನ್ನು ಯೇಸುವಿಗೆ ಅರ್ಪಿಸಿದರು.

ಇದರಲ್ಲಿ ದೇವರ ಪಾಲು ಯಾವುದು? ಲೆಂಡ್ಲ್ ಅವರ ಚೆಂಡನ್ನು ದೇವರೇ ಹೊರಗೆ ತಳ್ಳಿದ ಎನ್ನುವುದಾದರೆ ಅವನು ಪಕ್ಷಪಾತಿ. ಪಂದ್ಯವೂ ಪಂದ್ಯವಾಗಿ ಉಳಿಯುವುದಿಲ್ಲ. ಮಧ್ಯಯುಗದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್ ಚಿಂತನೆಯಲ್ಲಿ ಬೇರೊಂದು ದಾರಿಯಿದೆ: ದೇವರು ಮೂಲ ಕಾರಣ, ಮನುಷ್ಯನ ಬುದ್ಧಿ ಮತ್ತು ಪ್ರಯತ್ನ ಅವನ ಅಧೀನದಲ್ಲಿದ್ದೂ ನಿಜವಾದ ಕಾರಣಗಳೇ. ಹಾಗಾದರೆ ಆ ವಿಚಿತ್ರ ಸರ್ವ್ ಚಾಂಗ್ ಅವರ ಜಾಣ್ಮೆಯೂ ಹೌದು, ದೇವರ ಕೊಡುಗೆಯೂ ಹೌದು. ಆದರೆ ಲೆಂಡ್ಲ್ ಅವರ ತೋಳಿನ ಬಲವೂ ಅಲ್ಲಿಂದಲೇ ಬಂದದ್ದು. ಗೆದ್ದವನ ಕೃತಜ್ಞತೆಗೆ ಈ ವಾದ ಜಾಗ ಕೊಡುತ್ತದೆ, ಅವನೇ ಏಕೆ ಗೆದ್ದ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಚಾಂಗ್ ಅದಕ್ಕೂ ಉತ್ತರ ಕೊಟ್ಟರು. ನಿಜವಾದ ತೊಡಕು ಶುರುವಾಗುವುದು ಅಲ್ಲಿಂದ. ಲೆಂಡ್ಲ್ ವಿರುದ್ಧದ ಪಂದ್ಯಕ್ಕೆ ಮುನ್ನವಷ್ಟೇ ಬೀಜಿಂಗ್‌ನ ತಿಯಾನನ್‌ಮೆನ್ ಚಳವಳಿಯನ್ನು ಚೀನಾದ ಸೇನೆ ರಕ್ತ ಹರಿಸಿ ಅಡಗಿಸಿತ್ತು. ಆ ದುಃಖದ ನಡುವೆ ಜಗತ್ತಿನಾದ್ಯಂತ ಇರುವ ಚೀನೀಯರ ಮುಖದಲ್ಲಿ ನಗು ತರಿಸುವುದೇ ತಮ್ಮ ಗೆಲುವಿನ ಹಿಂದಿನ ದೈವಸಂಕಲ್ಪ ಎಂದು ಅವರು ನಂಬಿದರು. ಮಾತು ಕರುಣೆಯಿಂದ ಬಂದದ್ದು, ಅನುಮಾನವಿಲ್ಲ. ಆದರೂ ಟೆನಿಸ್ ಅಂಗಳದಲ್ಲಿ ಕೈಹಿಡಿದ ದೇವರು ಟ್ಯಾಂಕ್‌ಗಳನ್ನು ಏಕೆ ತಡೆಯಲಿಲ್ಲ? ಸಣ್ಣ ಸಂಗತಿಯಲ್ಲಿ ದೇವರ ಕೈ ಗುರುತಿಸಿದಷ್ಟೂ ದೊಡ್ಡ ದುರಂತದಲ್ಲಿ ಅವನ ಮೌನ ಎದ್ದು ಕಾಣುತ್ತದೆ. ಸಾಂತ್ವನ ಕೊಟ್ಟ ಎನ್ನಬಹುದು. ಫಲಿತಾಂಶ ಬರೆದ ಎಂದರೆ ಕೊಲೆಯ ಲೆಕ್ಕವನ್ನೂ ಅವನಲ್ಲೇ ಕೇಳಬೇಕಾಗುತ್ತದೆ.

ಚಾಂಗ್ ಮತ್ತೆ ಗ್ರ್ಯಾಂಡ್ ಸ್ಲಾಮ್ ಗೆಲ್ಲಲಿಲ್ಲ. 1995ರಲ್ಲಿ ಪ್ಯಾರಿಸ್‌ನಲ್ಲಿ, 1996ರಲ್ಲಿ ಮೆಲ್ಬರ್ನ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಫೈನಲ್ ತಲುಪಿ ಸೋತರು. ಈ ಸೋಲುಗಳೂ ದೈವಸಂಕಲ್ಪವೇ ಎಂದು ಭಕ್ತ ಹೇಳಬಲ್ಲ. ಆದರೆ ಯಾವ ಫಲಿತಾಂಶಕ್ಕೂ ಹೊಂದುವ ಸಂಕಲ್ಪ, ಯಾವುದೇ ಒಂದು ಫಲಿತಾಂಶಕ್ಕೆ ಕಾರಣವೆಂದು ತೋರಿಸಲು ಒದಗುವುದಿಲ್ಲ. ಅದು ವಿವರಣೆಯಲ್ಲ, ಭರವಸೆ. ಚಾಂಗ್ 2003ರಲ್ಲಿ ನಿವೃತ್ತರಾದರು, ನಂಬಿಕೆಯನ್ನು ಬಿಡಲಿಲ್ಲ.