ಭೇದವಿಲ್ಲದ ಆತ್ಮ, ಮೀಸಲಾದ ಆಸನ

ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂದು ಜೇಡರ ದಾಸಿಮಯ್ಯನಂಥ ವಚನಕಾರರು ಸಾರಿದ ನಾಡಿನಲ್ಲಿ, ಶಾಸನಸಭೆಯ ಆಸನಗಳಲ್ಲೊಂದು ಪಾಲನ್ನು ಮಹಿಳೆಯರಿಗೆಂದೇ ಮೀಸಲಿಡುವುದು ಆ ತತ್ತ್ವಕ್ಕೆ ಒಪ್ಪುವುದೇ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಸಂವಿಧಾನ ಸಭೆಯಲ್ಲಿ ಹಂಸಾ ಮೆಹ್ತಾ, ರೇಣುಕಾ ರೇ ಅವರಂಥ ಸದಸ್ಯೆಯರೇ ಮೀಸಲು ಸ್ಥಾನಗಳನ್ನು ಬೇಡವೆಂದಿದ್ದರು. ಸ್ವತಂತ್ರ ಭಾರತವು ಯೋಗ್ಯತೆಯೊಂದನ್ನೇ ನೋಡುವುದೆಂಬ ಭರವಸೆ ಅವರದಾಗಿತ್ತು.

ಆ ಭರವಸೆ ಈಡೇರಲಿಲ್ಲ. 2023ರ ಚುನಾವಣೆಯಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಿಗೆ ಆಯ್ಕೆಯಾದ ಮಹಿಳೆಯರು 10 ಮಂದಿ ಮಾತ್ರ. ಆತ್ಮಶಕ್ತಿಯಲ್ಲಿ ಭೇದವಿಲ್ಲವೆಂಬುದು ನಿಜವಾದರೆ ಈ ಕೊರತೆಗೆ ಕಾರಣವನ್ನು ಹೆಣ್ಣಿನ ಸ್ವಭಾವದಲ್ಲಿ ಹುಡುಕುವಂತಿಲ್ಲ, ಪಕ್ಷಗಳು ಟಿಕೆಟ್ ಹಂಚುವ ರೀತಿಯಲ್ಲಿ, ಚುನಾವಣೆಯ ಖರ್ಚಿನಲ್ಲಿ, ಮನೆವಾರ್ತೆಯ ಹೊರೆಯಲ್ಲಿ ಹುಡುಕಬೇಕಾಗುತ್ತದೆ. ಹಾಗಾಗಿ ದಾಸಿಮಯ್ಯನ ತತ್ತ್ವವು ಮೀಸಲಾತಿಯನ್ನು ಖಂಡಿಸುವುದಿಲ್ಲ, ಅದಕ್ಕೆ ಬುನಾದಿಯನ್ನೇ ಒದಗಿಸುತ್ತದೆ. ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ 2018ರಲ್ಲಿ ಗೆದ್ದ ಸೌಮ್ಯಾ ರೆಡ್ಡಿಯವರು 2023ರಲ್ಲಿ ಕೇವಲ 16 ಮತಗಳಿಂದ ಸೋತದ್ದನ್ನು ನೋಡಿದರೆ ಮತದಾರರು ಮಹಿಳೆಯೆಂಬ ಕಾರಣಕ್ಕೆ ಅಭ್ಯರ್ಥಿಯನ್ನು ದೂರವಿಡುವುದಿಲ್ಲವೆಂದು ತೋರುತ್ತದೆ. ಆದರೆ ಅವರ ತಂದೆ ರಾಮಲಿಂಗಾ ರೆಡ್ಡಿಯವರು ಪಕ್ಕದ ಬಿ.ಟಿ.ಎಂ. ಲೇಔಟ್ ಕ್ಷೇತ್ರದ ಶಾಸಕರೆಂಬುದನ್ನೂ ನೆನೆದರೆ, ಅಂಥ ಹಿನ್ನೆಲೆಯಿಲ್ಲದ ಬನಶಂಕರಿಯ ಗೃಹಿಣಿಗೋ ಜೆ.ಪಿ. ನಗರದ ಶಿಕ್ಷಕಿಗೋ ಅದೇ ದಾರಿ ಎಷ್ಟು ದೂರವೆಂಬುದು ತಿಳಿಯುತ್ತದೆ.

ಪ್ರಾತಿನಿಧ್ಯಕ್ಕೆ ಎರಡು ಅರ್ಥಗಳುಂಟು: ಒಬ್ಬರ ಪರವಾಗಿ ಕೆಲಸಮಾಡುವುದು ಒಂದು, ಅವರಂಥವರೇ ಸಭೆಯಲ್ಲಿ ಇರುವುದು ಇನ್ನೊಂದು. ಮೊದಲನೆಯದು ಪುರುಷನಿಂದಲೂ ಸಾಧ್ಯ; ಎರಡನೆಯದಕ್ಕೆ ಬದಲಿಯಿಲ್ಲ. ಇದನ್ನು ಕರ್ನಾಟಕವು ಬೇಗನೆ ಅರಿಯಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಪಂಚಾಯತ್ ಕಾಯ್ದೆಯು ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. 2015ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಅರ್ಧದಷ್ಟು ವಾರ್ಡುಗಳು ಮಹಿಳೆಯರಿಗೆ ದೊರೆತವು. ಆ ಪಾಲಿಕೆಯಲ್ಲಿ ಜಯನಗರ ವಾರ್ಡಿನ ಗಂಗಾಂಬಿಕೆ ಮಲ್ಲಿಕಾರ್ಜುನ್ 2018ರಲ್ಲಿ ಮೇಯರ್ ಆದರು. ಮೀಸಲು ವಾರ್ಡು ಪ್ರತಿ ಚುನಾವಣೆಗೂ ಬದಲಾಗುವ ಆವರ್ತನ ಪದ್ಧತಿ ಮಾತ್ರ ನಿಜವಾದ ದೋಷ. ಐದು ವರ್ಷ ದುಡಿದು ಜನರ ವಿಶ್ವಾಸ ಗಳಿಸಿದ ಸದಸ್ಯೆ ಮರುಚುನಾವಣೆಯ ಹೊತ್ತಿಗೆ ತನ್ನ ನೆಲೆಯನ್ನೇ ಕಳೆದುಕೊಳ್ಳಬಹುದು.

ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗವನ್ನು ಮೀಸಲಿಡುವ 106ನೆಯ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸುವಾಗ, ಅದರ ಜಾರಿಯನ್ನು ಮುಂದಿನ ಜನಗಣತಿಗೂ ಕ್ಷೇತ್ರಗಳ ಗಡಿಯನ್ನು ಮರುನಿಗದಿ ಮಾಡುವ ಕ್ಷೇತ್ರ ಪುನರ್ವಿಂಗಡಣೆಗೂ ಕಟ್ಟಿಹಾಕಿತು. ಇತ್ತ 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ದೊರೆತಿದ್ದ ಅರ್ಧಪಾಲೂ ಕಾಗದದಲ್ಲಷ್ಟೇ ಉಳಿಯಿತು. ಹಕ್ಕನ್ನು ಒಪ್ಪಿಕೊಂಡ ಮೇಲೆ ಅದನ್ನು ಮುಂದೂಡುವುದು ಅನ್ಯಾಯವೇ.