ವಾಚಿನ ಅಂಕವೂ ದೇವರು ಕೊಡುವ ನಿದ್ರೆಯೂ

ಕೀರ್ತನೆ 127, ಎರಡನೇ ವಚನ ತೆಗೀರಿ. ನಸುಕಿನಿಂದ ಸರಿರಾತ್ರಿ ತನಕ ಚಿಂತೆಯಲ್ಲೇ ದುಡಿಯುವ ಮನುಷ್ಯನ ಬಗ್ಗೆ ಅಲ್ಲಿ ಹೇಳಿದೆ. ನಿದ್ರೆ ನಾವು ಗಳಿಸೋದಲ್ಲ, ದೇವರು ಕೊಡೋದು ಅನ್ನೋದು ಅದರ ಸಾರ.

ನಮ್ಮ ಸೀಮೆ ನೋಡ್ರಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ. ಕಬ್ಬಿನ ಹಂಗಾಮು ಬಂದರೆ ಮುಧೋಳ, ಜಮಖಂಡಿ, ಬೀಳಗಿ ದಾರಿಯಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಇಂಥ ಊರಲ್ಲಿ ಈಗ ಹುಡುಗರ ಕೈಗೆ ಸ್ಮಾರ್ಟ್‌ವಾಚ್ ಬಂದೈತಿ. ಬೆಳಿಗ್ಗೆ ಅದು "ಸ್ಲೀಪ್ ಸ್ಕೋರ್ 58" ಅಂತ ತೋರಿಸುತ್ತೆ.

ಒಬ್ಬ ತಮ್ಮ ಕೂಟ ಮುಗಿದ ಮೇಲೆ ನನ್ನ ಕೇಳಿದ: "ಪಾಸ್ಟರ್, ಎದ್ದಾಗ ಹಗುರ ಇದ್ದೆ. ವಾಚ್ ನೋಡಿದ ಮ್ಯಾಲೆ ದಣಿವಾತು. ನನ್ನ ವಿಶ್ವಾಸ ಕಡಿಮಿ ಆಗೇತೇನ್ರಿ?"

ಇಲ್ಲ, ತಮ್ಮಾ. ಆ ವಾಚ್ ನಿನ್ನ ಮಿದುಳನ್ನು ನೋಡಲ್ಲ. ಕೈಯ ಅಲುಗಾಟ ಅಳೆಯುತ್ತೆ, ಹಸಿರು ಬೆಳಕು ಬಿಟ್ಟು ನಾಡಿ ಎಣಿಸುತ್ತೆ, ಅದರಿಂದ ನಿದ್ರೆಯನ್ನು ಅಂದಾಜು ಮಾಡುತ್ತೆ. ಅಲುಗದೆ ಎಚ್ಚರ ಮಲಗಿದರೂ ನಿದ್ರೆ ಅಂತ ಬರೆಯಬಹುದು. ಮಿದುಳಿನ ಅಲೆ ನೋಡಬೇಕಂದ್ರೆ ತಲೆಗೆ ತಂತಿ ಹಚ್ಚಿ ಮಾಡುವ ಪರೀಕ್ಷೆ ಬೇರೆಯೇ ಇದೆ. ಅಂಕದ ಚಿಂತೆಯೇ ನಿದ್ರೆ ಕೆಡಿಸೋದನ್ನು ಕಂಡ ಅಮೆರಿಕದ ತಜ್ಞರು 2017ರಲ್ಲಿ ಅದಕ್ಕೆ 'ಆರ್ಥೋಸೋಮ್ನಿಯಾ' ಅಂತ ಹೆಸರಿಟ್ಟರು.

ಹಾಗಂತ ವಾಚ್ ಬಿಸಾಕಬೇಡ್ರಿ. ಒಂದು ರಾತ್ರಿಯ ಅಂಕ ಬಿಡಿ, ಎರಡು ವಾರದ ರೂಢಿ ನೋಡಿ: ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ? ದೊಡ್ಡವರಿಗೆ ಕನಿಷ್ಠ 7 ತಾಸು ಬೇಕು. ರೀಲ್ಸ್ ನಿನ್ನ ಎರಡು ತಾಸು ತಿಂದಿದ್ದರೆ ಅದನ್ನು ಒಪ್ಪಿಕೋ. ವಾಚ್ ಸಾಕ್ಷಿ ಹೇಳಲಿ, ತೀರ್ಪು ಕೊಡೋದು ಬೇಡ. ಜೋರು ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟೋದು, ಹಗಲೆಲ್ಲ ತೂಕಡಿಕೆ ಇದ್ದರೆ ಪ್ರಾರ್ಥನೆಯೂ ಮಾಡಿ, ಡಾಕ್ಟರ್ ಹತ್ತಿರವೂ ಹೋಗಿ.

1 ಅರಸುಗಳು 19ರಲ್ಲಿ ಎಲೀಯನನ್ನು ನೋಡಿ. ಸಾಕಾಯ್ತು, ಸಾಯ್ತೀನಿ ಅಂದ ಪ್ರವಾದಿ. ದೂತನು ಬೈಯಲಿಲ್ಲ. ಮಲಗಗೊಟ್ಟ, ರೊಟ್ಟಿ-ನೀರು ಕೊಟ್ಟ, ಮತ್ತೆ ಮಲಗಗೊಟ್ಟ. ಆಮೇಲೆ ಹೋರೇಬಿಗೆ ಪ್ರಯಾಣ. ಮಾರ್ಕ 4ರಲ್ಲಿ ಬಿರುಗಾಳಿಯ ನಡುವೆಯೂ ಯೇಸು ದೋಣಿಯಲ್ಲಿ ಮಲಗಿದ್ದ. ನಿದ್ರೆ ಸೋಮಾರಿತನವಲ್ಲ, ಪ್ರಿಯರೇ. ತಂದೆಯ ಕೈಗೆ ತನ್ನನ್ನು ಒಪ್ಪಿಸೋದು. ಹಲ್ಲೆಲೂಯ!

ಪಾಳಿ ಮಾಡುವ ತಮ್ಮಂದಿರೇ, ತಂಗಿಯರೇ, ನಿಮ್ಮ ಅಂಕ ಕಡಿಮೆ ಬಂದರೆ ಅದು ಪಾಪವಲ್ಲ, ದುಡಿಮೆಯ ಭಾರ. ಮನೆಯವರು ಹಗಲಲ್ಲಿ ಅವರ ಕೋಣೆ ಕತ್ತಲು ಮಾಡಿ, ಟಿವಿ ಸಣ್ಣಗೆ ಇಡಿ. ಇದೂ ಸೇವೆಯೇ. ಇಡೀ ರಾತ್ರಿ ಪ್ರಾರ್ಥನೆಗೆ ಬಂದವರು ನಿದ್ದೆಗಣ್ಣಲ್ಲಿ ಬೈಕ್ ಹತ್ತಬೇಡಿ. ಕಬ್ಬಿನ ಟ್ರೇಲರ್ ಕತ್ತಲಲ್ಲಿ ಕಾಣಲ್ಲ. ಸಭೆಯಲ್ಲೇ ಎರಡು ತಾಸು ಮಲಗಿ ಹೋಗಿ. ಚಾಪೆ ಹಾಸಿ ಕೊಡ್ತೀವಿ.

ಇವತ್ತು ರಾತ್ರಿ ಫೋನ್ ಬೇರೆ ಕೋಣೆಯಲ್ಲಿ ಇಡಿ. ನಾಳಿನ ಚಿಂತೆ ಹೆಸರು ಹಿಡಿದು ದೇವರಿಗೆ ಒಪ್ಪಿಸಿ. ಬೆಳಿಗ್ಗೆ ಎದ್ದು ಮೊದಲು ಸ್ತೋತ್ರ, ಆಮೇಲೆ ಸ್ಕೋರ್. ಕೀರ್ತನೆ 121ರ ದೇವರು ಎಚ್ಚರವಾಗಿದ್ದಾನೆ. ಹಾಗಾಗಿ ನಾವು ಮಲಗಬಹುದು. ಆಮೆನ್.